ಹಕ್ಕಿಗೆ ಕಾಳು: ಪುಣ್ಯಕ್ಕೋ, ದಾಸೋಹಕ್ಕೋ?

ಬೇಸಿಗೆ ಬಂತೆಂದರೆ ಕೈತೋಟದಲ್ಲಿ, ಮಾಳಿಗೆಯ ಮೇಲೆ ಹಕ್ಕಿ, ಅಳಿಲುಗಳಿಗೆ ಕಾಳು ನೀರು ಇಡುವವರು ಅನೇಕರಿದ್ದಾರೆ. ಸಂತೋಷದ ಸಂಗತಿ. ಆದರೆ ಏಕೆ ಇಡುತ್ತೇವೆ, ಏನು ಇಡುತ್ತೇವೆ ಎಂಬುದನ್ನು ಬಸವಾನುಯಾಯಿಗಳಾದ ನಾವು ಕೇಳಿಕೊಳ್ಳಲೇಬೇಕು.

ಶನಿಕಾಟ ಕಳೆಯಲಿ ಎಂದು ಕಾಗೆಗೆ ಅನ್ನ ಹಾಕುವವರಿದ್ದಾರೆ. ಪಿತೃಪಕ್ಷದಲ್ಲಿ ಪಿಂಡವಿಟ್ಟು, ಕಾಗೆ ಮುಟ್ಟದಿದ್ದರೆ ಹಿರಿಯರು ಮುನಿದರೆಂದು ಕಣ್ಣೀರಿಡುವವರಿದ್ದಾರೆ. ಅದೇ ಕಾಗೆ ಮರುದಿನ ಒಣಹಾಕಿದ ಹಪ್ಪಳಕ್ಕೆ ಬಾಯಿ ಹಾಕಿದರೆ ಕಲ್ಲೇಟು! ಇಲ್ಲಿ ಹಕ್ಕಿಯ ಹಸಿವಿಗೆ ಬೆಲೆಯಿಲ್ಲ, ನಮ್ಮ ಭಯಕ್ಕಷ್ಟೇ ಬೆಲೆ. ಲಿಂಗಾಯತರ ಮನೆಗಳಲ್ಲೂ ಇದು ನುಸುಳಿರುವುದು ವಿಷಾದನೀಯ.

ಶರಣರು ದಾನದ ಬದಲು ದಾಸೋಹವನ್ನು ಎತ್ತಿಹಿಡಿದರು. ದಾನದಲ್ಲಿ ಕೊಡುವವನು ದೊಡ್ಡವನು. ಅವನಿಗೆ ಫಲದ ಆಸೆಯೂ ಉಂಟು. ದಾಸೋಹದಲ್ಲಿ ಕೊಡುವವನೇ ದಾಸ. ಆದ್ದರಿಂದ ಉಣ್ಣುವ ಜೀವಕ್ಕೆ ಏನು ಬೇಕೆಂದು ಅರಿಯುವುದೇ ದಾಸೋಹದ ಮೊದಲ ಕೆಲಸ.

ನಮಗೆ ಮಿಕ್ಕ ಚಿತ್ರಾನ್ನ, ಖಾರದ ಚುರುಮುರಿ, ಬಿಸ್ಕತ್ತು ಹಕ್ಕಿಗಳ ಆಹಾರವಲ್ಲ. ಉಪ್ಪು, ಎಣ್ಣೆ ಆ ಪುಟ್ಟ ದೇಹಕ್ಕೆ ಕೇಡು. ಗುಬ್ಬಿಗೆ ನವಣೆ, ಸಜ್ಜೆ, ನುಚ್ಚಕ್ಕಿ ಸಾಕು. ಅಳಿಲಿನ ಮುಂಬಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ; ಕಡಿದು ಸವೆಸಲು ಸಿಪ್ಪೆಯಿರುವ ಶೇಂಗಾ ಒಳ್ಳೆಯದು, ಉಪ್ಪು ಹಚ್ಚಿದ್ದು ಬೇಡ. ನೀರನ್ನು ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿಟ್ಟು, ದಿನಾಲೂ ತಿಕ್ಕಿ ತೊಳೆದು ತುಂಬಬೇಕು. ಕೊಳಕು ನೀರು, ಬೂಸ್ಟು ಹಿಡಿದ ಕಾಳು ರೋಗ ಹರಡುತ್ತವೆ.

ಅತಿಯಾದರೆ ಅದೂ ಕೇಡೇ. ಪುಣ್ಯಕ್ಕೆಂದು ಚೀಲಗಟ್ಟಲೆ ಕಾಳು ಸುರಿದ ಕಡೆ ಪಾರಿವಾಳಗಳು ಹಿಂಡುಗಟ್ಟುತ್ತವೆ. ಅವುಗಳ ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಮುಂಬೈಯಲ್ಲಿ 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನೆಗಳನ್ನು ಮುಚ್ಚಿಸುವ ಕ್ರಮ ಕೈಗೊಂಡಾಗ, ಜನರ ಆರೋಗ್ಯವೋ ಧಾರ್ಮಿಕ ನಂಬಿಕೆಯೋ ಎಂಬ ವಿವಾದ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ನೆರೆಯವನ ಉಸಿರು ಕಟ್ಟಿಸಿ ಗಳಿಸುವ ಪುಣ್ಯ ಎಂಥದ್ದು?

ತಟ್ಟೆಗಿಂತ ತೋಟ ದೊಡ್ಡದು. ಗುಬ್ಬಿ ತನ್ನ ಮರಿಗಳಿಗೆ ತಿನ್ನಿಸುವುದು ಹೆಚ್ಚಾಗಿ ಹುಳುಹುಪ್ಪಟೆಗಳನ್ನೇ. ಗಿಡಗಳಿಗೆ ವಿಷ ಸಿಂಪಡಿಸಿ ಬದಿಯಲ್ಲಿ ಕಾಳು ಇಟ್ಟರೆ, ತಾಯಿಗೆ ಉಣಿಸಿ ಮರಿಯ ತುತ್ತು ಕಸಿದಂತೆ. ಒಂದು ದಾಸವಾಳ ಸೂರಕ್ಕಿಯನ್ನು ಕರೆಯುತ್ತದೆ. ಒಂದು ಅತ್ತಿ ಅಥವಾ ನೇರಳೆ ಮರ, ನಾವು ಊರಲ್ಲಿ ಇಲ್ಲದಾಗಲೂ ಹಕ್ಕಿ ಅಳಿಲುಗಳನ್ನು ಸಲಹುತ್ತದೆ. ಅಲ್ಲಿ ಕೊಟ್ಟವರ ಹೆಸರಿನ ಫಲಕವೂ ಇರುವುದಿಲ್ಲ.

ಈ ಮಾತು ನಮ್ಮ ಮಠಗಳಿಗೂ ಸಲ್ಲುತ್ತದೆ. ಅಂಗಳವೆಲ್ಲ ಸಿಮೆಂಟು, ಟೈಲ್ಸು ಹಾಸಿ ಮುಚ್ಚಿದರೆ ಹಕ್ಕಿ ಎಲ್ಲಿಗೆ ಹೋಗಬೇಕು? ದಾಸೋಹ ಮನೆಯ ಹಿತ್ತಲಲ್ಲಿ ಒಂದಿಷ್ಟು ನೆಲ ಬಿಟ್ಟು ಹಣ್ಣಿನ ಮರ ನೆಡಲಿ. ನೀರಿನ ತಟ್ಟೆ ತೊಳೆಯುವ ಕಾಯಕವನ್ನು ಪ್ರಸಾದನಿಲಯದ ಮಕ್ಕಳು ಸರದಿಯಲ್ಲಿ ಮಾಡಲಿ. ಕಾಗೆಯಲ್ಲಿ ಸತ್ತವರನ್ನು ಹುಡುಕುವುದನ್ನು ಬಿಟ್ಟು, ಅದೂ ನಮ್ಮಂತೆ ಹಸಿಯುವ ಜೀವವೆಂದು ಆ ಮಕ್ಕಳು ಕಲಿತರೆ ಅದೇ ದೊಡ್ಡ ಸಂಸ್ಕಾರ.