ಇಪ್ಪತ್ತೊಂದರ ಆಟಕ್ಕೆ ಸಂಬಳದ ಲೆಕ್ಕ

ಬ್ಲ್ಯಾಕ್‌ಜ್ಯಾಕ್ (ಇಪ್ಪತ್ತೊಂದರ ಇಸ್ಪೀಟಾಟ) ಕೌಶಲದ ಆಟ, ಹಾಗಾಗಿ ನೌಕರಿ ಬಿಟ್ಟು ಅದನ್ನೇ ಕಸುಬು ಮಾಡಿಕೊಳ್ಳಬಹುದು ಎಂಬ ವಾದದಲ್ಲಿ ಮೊದಲರ್ಧಕ್ಕಷ್ಟೇ ಆಧಾರವಿದೆ. ಎಲೆ ಎಣಿಸಿ ಗೆಲ್ಲುವ ದಾರಿಯನ್ನು ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರ ‘ಬೀಟ್ ದ ಡೀಲರ್’ ಪುಸ್ತಕದಲ್ಲಿ ತೋರಿಸಿದ್ದು ಹೌದು, ಆದರೆ ಆ ಮೇಲೂ ವರ್ಷಗಟ್ಟಲೆ ಅವರು ಗಣಿತ ಪಾಠ ಹೇಳುತ್ತಲೇ ಇದ್ದರು. ಪಳಗಿದವನಿಗೂ ಸಿಗುವ ಮೇಲುಗೈ ನೂರು ರೂಪಾಯಿಗೆ ಒಂದರ ಆಸುಪಾಸು. ಕೈಯಲ್ಲಿ 16, ಡೀಲರ್ ಮುಂದೆ 10 ಬಿದ್ದರೆ ಜಾಣನೂ ಹೆಚ್ಚಿನ ಸಲ ಸೋಲುತ್ತಾನೆ.

ಹಣವಿಟ್ಟು ಆಡುವ ಆನ್‌ಲೈನ್ ಆಟವನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಹಾಗಾಗಿ ನೌಕರಿ ಬಿಡಹೊರಟ ಬೆಂಗಳೂರಿನ ಉತ್ತರಹಳ್ಳಿಯ ಟೆಕ್ಕಿಗೆ ಉಳಿಯುವುದು ಗೋವಾದ ಮಾಂಡೋವಿ ನದಿ ಮೇಲಿನ ಕ್ಯಾಸಿನೊ ಹಡಗಿನಂಥ ಜಾಗ. ಅಲ್ಲಿ ಗೆದ್ದರೆ ಶೇ 30 ತೆರಿಗೆ. ಬಸ್ಸು, ಲಾಡ್ಜಿನ ಖರ್ಚು ಕಳೆಯುವಂತಿಲ್ಲ, ಸೋಲನ್ನು ಬೇರೆ ಆದಾಯದಲ್ಲಿ ತೋರಿಸುವಂತೆಯೂ ಇಲ್ಲ. ಎಣಿಸುತ್ತಾನೆಂಬ ಅನುಮಾನ ಬಂದರೆ ಕ್ಯಾಸಿನೊದವರು ಮೇಜಿನಿಂದಲೇ ಎಬ್ಬಿಸುತ್ತಾರೆ.