ಎಳ್ಳಾಮಾಸಿ ಅಂದ್ರೆ ಬರೀ ಭಜ್ಜಿ ಅಲ್ರೀ!

ಬಹಳ ದಿನ ಆಯ್ತು ಇಲ್ಲಿ ಬರೆದು. ಆಫೀಸು, ಡೆಡ್‌ಲೈನು ಅಂತ ನೆಪ ಹೇಳಲ್ಲ. ಈ ಸಲ ಸಿಟ್ಟು ಬಂದು ಬರೀತಿದ್ದೀನಿ.

ಎಳ್ಳ ಅಮವಾಸ್ಯೆಗೆ ರಜೆ ಹಾಕಿ ಕಲಬುರಗಿಗೆ ಹೋಗಿದ್ದೆ. ಸೇಡಂ ರಸ್ತೆಯಲ್ಲಿ ನಮ್ಮ ಮನೆ. ಹಿಂದಿನ ರಾತ್ರಿಯಿಂದಲೇ ಅವ್ವ, ಕಾಕಿ ಒಲೆ ಮುಂದೆ. ಸಜ್ಜಿ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಆಮೇಲೆ ಭಜ್ಜಿ. (ಬೆಂಗಳೂರಿನವರೇ, ಎಣ್ಣೆಯಲ್ಲಿ ಕರಿಯೋ ಬಜ್ಜಿ ಅಲ್ಲ! ಹಸಿ ಕಡಲೆ, ಅವರೆ, ತೊಗರಿ ಕಾಳು, ಮೆಂತ್ಯ, ಹುಣಸೆ ಎಲ್ಲ ಕೂಡಿಸಿ, ಕಡಲೆ ಹಿಟ್ಟು ಹಾಕಿ ಕುದಿಸೋ ಪಲ್ಯ.)

ಊಟ ಮಾತ್ರ ಹೊಲದಲ್ಲಲ್ಲ, ಮಾಳಿಗೆ ಮೇಲೆ! ಕಾಕಾ ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಮಾಳಿಗೆ ಸುತ್ತ ಚರಗ ಚೆಲ್ಲಿದರು. ಅಣ್ಣನ ಆರು ವರ್ಷದ ಮಗಳು ಕೇಳಿದಳು, "ಮುತ್ಯಾ, ಊಟ ಯಾಕ್ ಚೆಲ್ಲಲತ್ತೀರಿ?"

"ಸುಮ್ನ ಉಣ್ಣು!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕಾಕಾಗೆ ಉತ್ತರ ಗೊತ್ತಿಲ್ಲ ಅಂತಲ್ಲ. ಬಿಳಿಜೋಳ, ಕಡಲೆ ಹೊತ್ತು ನಿಂತ ಭೂಮಿತಾಯಿ ಬಸುರಿ. ಅವಳಿಗೆ ಬಯಕೆ ಊಟ ಉಣಿಸೋದೇ ಚರಗ. ಹುಳ, ಹಕ್ಕಿಗೂ ಅದರಲ್ಲಿ ಪಾಲು. ಹೊಲ ಇಲ್ಲದವರನ್ನೂ ಕರೆದು ಉಣಿಸೋ ಹಬ್ಬ ಇದು. ಆದರೆ ಇಷ್ಟು ಹೇಳಿದರೆ ಮಗು ಮುಂದಿನ ಪ್ರಶ್ನೆ ಕೇಳುತ್ತೆ. "ನಮ್ ಹೊಲ ಎಲ್ಲದ?" ಅದಕ್ಕೇ ಬಾಯಿ ಮುಚ್ಚಿಸಿದ್ದು.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು. ಅದೇ ವರ್ಷ ನವೆಂಬರ್ 22ಕ್ಕೆ ಇದೇ ಸೇಡಂ ರಸ್ತೆ ಕಡೆ ವಿಮಾನ ನಿಲ್ದಾಣ ಶುರುವಾಯಿತು. ತೊಗರಿಗೆ ಹೆಸರು ಬಂತು, ನಮ್ಮ ತೊಗರಿ ಹೊಲ ಅಷ್ಟೊತ್ತಿಗೆ ಪ್ಲಾಟ್ ಆಗಿತ್ತು. ಮಾರಿದ್ದು ತಪ್ಪು ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆ ದುಡ್ಡಲ್ಲೇ ನನ್ನ ಇಂಜಿನಿಯರಿಂಗ್ ಮುಗೀತು, ಆ ಮಾಳಿಗೆಯೂ ಎದ್ದಿತು. ಮುಚ್ಚಿಡೋದು ತಪ್ಪು ಅಂತ ಮಾತ್ರ ಹೇಳ್ತೀನಿ.

"ಹೊಲ ಹೋದ ಮೇಲೆ ಎಂಥ ಹಬ್ಬ, ರುಚಿಯಾಗಿ ಉಂಡರೆ ಸಾಕು" ಅನ್ನೋರಿಗೆ ಒಂದು ಮಾತು. ಯಹೂದಿಗಳ ಪಾಸೋವರ್ ಹಬ್ಬ ನೋಡಿ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವೇ ನೆಲಸಮವಾಯಿತು, ಜನ ದೇಶದೇಶಕ್ಕೆ ಚದುರಿದರು. ಹಬ್ಬ ಉಳೀತು. ಯಾಕೆ? ಅವರ ಊಟಕ್ಕೆ ಕೂತಾಗ ಮನೆಯ ಚಿಕ್ಕ ಮಗು ಪ್ರಶ್ನೆ ಕೇಳಲೇಬೇಕು, ದೊಡ್ಡವರು ಉತ್ತರ ಹೇಳಲೇಬೇಕು. ಹುದುಗು ಬರಿಸದ ರೊಟ್ಟಿ ಯಾಕೆ, ಕಹಿ ಸೊಪ್ಪು ಯಾಕೆ ಅಂತ. ಈಜಿಪ್ಟಿನಲ್ಲಿ ತಾವು ಗುಲಾಮರಾಗಿದ್ದೆವು ಅನ್ನೋದನ್ನೂ ಅವರು ಮಗುವಿನಿಂದ ಮುಚ್ಚಿಡಲ್ಲ. ನಾವು ಹೊಲ ಮಾರಿದ್ದನ್ನ ಹೇಳಕ್ಕೂ ನಾಚ್ತೀವಿ.

ಅವ್ವ ರಾತ್ರಿಯಿಡೀ ಬೇಯಿಸೋದು, ನಾವು ಉಂಡು ಫೋಟೋ ಹಾಕೋದು. ಇದು ಹಬ್ಬ ಅಲ್ರೀ, ಖಾನಾವಳಿ.

ಸಂಜೆ ಆ ಹುಡುಗಿಯನ್ನ ಬೈಕ್ ಮೇಲೆ ಕೂರಿಸಿಕೊಂಡು ಹೋಗಿ ಪ್ಲಾಟಿನ ಕಲ್ಲು ತೋರಿಸಿದೆ. ಎಲ್ಲ ಹೇಳಿದೆ. ಕಾಕಾ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ. ಇರಲಿ.

ನಿಮ್ಮ ಮನೆ ಮಕ್ಕಳು ಕೇಳಿದರೆ ನೀವೇನು ಹೇಳ್ತೀರಿ?