ಎಸ್, ಎಂ, ಎಲ್ ಅಂದ್ರೆ ಅಂಗಿ ಅಳತೆಯಲ್ಲ

ಬಿರ್ ಬಿಲ್ಲಿಂಗ್‌ನ ಪ್ಯಾರಾಗ್ಲೈಡಿಂಗ್ ರೀಲ್ಸ್ ನೋಡಿ ನಮ್ಮಲ್ಲಿ ಎಷ್ಟೋ ಜನರಿಗೆ ಹಾರುವ ಆಸೆ ಹುಟ್ಟಿದೆ. ಕಲಿತು, ಸ್ವಂತ ರೆಕ್ಕೆ ಕೊಳ್ಳೋ ಹಂತಕ್ಕೆ ಬಂದವರು ಮೊದಲು ಕೇಳೋದು "ಯಾವ ಮಾಡೆಲ್? ಇಎನ್-ಬಿ ತಾನೇ?" ಅಂತ. ನಮ್ಮ ಪ್ರಕಾರ ಮೊದಲು ಕೇಳಬೇಕಾದ್ದು ಸೈಜ್.

ಪ್ರತಿ ಸೈಜ್‌ಗೂ ಒಂದು ತೂಕದ ಮಿತಿ ಇರುತ್ತೆ. 75ರಿಂದ 95 ಕೆಜಿ ಅಂತ ಇಟ್ಕೊಳ್ಳೋಣ. ಇದು ಬರೀ ಮೈತೂಕ ಅಲ್ಲ. ಹಾರ್ನೆಸ್, ರಿಸರ್ವ್ ಪ್ಯಾರಾಚೂಟ್, ಹೆಲ್ಮೆಟ್, ಬಟ್ಟೆ, ಕೊನೆಗೆ ರೆಕ್ಕೆಯ ತೂಕವೂ ಸೇರಿದ ಒಟ್ಟು ಲೆಕ್ಕ. 60 ಕೆಜಿಯವರ ಸಾಮಾನು 18 ಕೆಜಿ ಆದ್ರೆ, ಒಟ್ಟು 78.

ಲಿಫ್ಟ್ ಸೂತ್ರದಲ್ಲಿ ವೇಗದ ವರ್ಗ ಇರೋದು ನಮಗೆಲ್ಲ ಗೊತ್ತು. ಹಾಗಾಗಿ ಅದೇ ರೆಕ್ಕೆ 75 ಕೆಜಿಗೆ ಗಂಟೆಗೆ 35 ಕಿ.ಮೀ. ಹೋದ್ರೆ, 95 ಕೆಜಿಗೆ ಸುಮಾರು 39 ಹೋಗುತ್ತೆ. ಎದುರುಗಾಳಿ 35 ಇದ್ದಾಗ, ಸ್ಪೀಡ್ ಬಾರ್ ಒತ್ತದಿದ್ರೆ, ಒಬ್ಬರು ನಿಂತಲ್ಲೇ ನಿಲ್ತಾರೆ, ಇನ್ನೊಬ್ಬರು ಮುಂದೆ ಸಾಗ್ತಾರೆ. ಮಿತಿಗಿಂತ ಹಗುರ ಇದ್ದವರು ಹಿಂದಕ್ಕೇ ಹೋಗಬಹುದು, ಗುಡ್ಡದ ಹಿಂದಿನ ಗಾಳಿಸುಳಿಗೆ.

ಇನ್ನೊಂದು ವಿಷಯ. ಬಟ್ಟೆಯ ರೆಕ್ಕೆಗೆ ಆಕಾರ ಕೊಡೋದು ಒಳಗಿನ ಗಾಳಿಯ ಒತ್ತಡ. ತೂಕ ಕಡಿಮೆಯಾದ್ರೆ ವೇಗ ಕಡಿಮೆ, ಒತ್ತಡವೂ ಕಡಿಮೆ. ಕಲಕಿದ ಗಾಳಿಯಲ್ಲಿ ರೆಕ್ಕೆ ಬೇಗ ಮಡಚಿಕೊಳ್ಳುತ್ತೆ. ಹಾಗಂತ ತೂಕ ಮೀರಿಸಿದ್ರೂ ಕಷ್ಟ. ಆಗ ರೆಕ್ಕೆ ಗಟ್ಟಿಯಾಗಿ ನಿಲ್ಲುತ್ತೆ ನಿಜ, ಆದ್ರೆ ಮಡಚಿದಾಗ ಜೋರಾಗಿ ತಿರುಗುತ್ತೆ.

ಸರಿ, ಡ್ರಾಯಿಂಗನ್ನೇ ಚಿಕ್ಕದು ಮಾಡಿದ್ರೆ ಸಾಕಲ್ವಾ? ಸಾಕಾಗಲ್ಲ. ಚಿಕ್ಕ ಸೈಜ್‌ನಲ್ಲಿ ದಾರಗಳು ಗಿಡ್ಡ, ಹಾಗಾಗಿ ಲೋಲಕ ಬೇಗ ಬೇಗ ತೂಗುತ್ತೆ. ಬಟ್ಟೆಯ ದಪ್ಪ, ದಾರದ ದಪ್ಪ ಅದೇ ಪ್ರಮಾಣದಲ್ಲಿ ಇಳಿಯೋದಿಲ್ಲ. ಅದಕ್ಕೇ ಇಎನ್ 926-2 ಪರೀಕ್ಷೆ ಪ್ರತಿ ಸೈಜ್‌ಗೂ ಬೇರೆ, ಅದೂ ಕನಿಷ್ಠ ಮತ್ತು ಗರಿಷ್ಠ ತೂಕ ಎರಡರಲ್ಲೂ. ಒಂದೇ ಮಾಡೆಲ್‌ನ ಎಂ ಸೈಜ್ ಬಿ ದರ್ಜೆ ಪಡೆದು, ಅತಿ ಚಿಕ್ಕದು ಸಿ ಆಗಿರೋದೂ ಉಂಟು. "ಈ ಮಾಡೆಲ್ ಬಿ" ಅನ್ನೋದು ಅರ್ಧ ಸತ್ಯ ಮಾತ್ರ.

ಇದರ ಬಿಸಿ ತಟ್ಟೋದು ಹಗುರ ಮೈಯವರಿಗೆ, ಅದರಲ್ಲೂ ಹುಡುಗಿಯರಿಗೆ. "ಎಂ ಇದೆ, ನಡಿಯುತ್ತೆ ಬಿಡಿ" ಅಂದ್ರೆ ನಾವು ಒಪ್ಪಬಾರದು. ಲ್ಯಾಬ್‌ನಲ್ಲಿ ಒಂದು ಬೋಲ್ಟ್‌ಗೂ ಟಾಲರೆನ್ಸ್ ನೋಡ್ತೀವಿ. ಜೀವ ನೇತುಹಾಕೋ ರೆಕ್ಕೆಗೆ "ನಡಿಯುತ್ತೆ" ಯಾವ ಲೆಕ್ಕ? ಬಣ್ಣ, ಬ್ರ್ಯಾಂಡ್ ಆಮೇಲೆ ನೋಡೋಣ. ಮೊದಲು ಬ್ಯಾಗ್ ಸಮೇತ ತೂಕದ ಯಂತ್ರ ಹತ್ತೋಣ.